ಹನ್ನೊಂದು ಒಲೆಗಳ ಊರಿಗೆ

ನಾನೂ ಪರದೇಶಕ್ಕೆ ಹೋಗಿ ಬಂದವನು. ನಗಬೇಡಿ. ಮಂಗಳೂರಿನ ನಮ್ಮ ಕ್ರೈಸ್ತ ಸಭೆಯಲ್ಲಿ ಪರದೇಶವೆಂದರೆ ಮಿಶನ್ ಪಾದ್ರಿಗಳ ಜರ್ಮನಿ ಎಂದೇ ರೂಢಿ. ಹಡಗು ಹತ್ತದವನು ಆ ಮಾತೆತ್ತಿದರೆ ಹೆಂಗಸರು ಸೆರಗು ಬಾಯಿಗಿಟ್ಟುಕೊಳ್ಳುತ್ತಾರೆ. ಆದರೆ ಬೇರೆ ದೊರೆ, ಬೇರೆ ನಾಣ್ಯ, ಬೇರೆ ಲಿಪಿ, ಪೆಟ್ಟಿಗೆ ಬಿಚ್ಚಿಸಿ ನೋಡುವ ಸುಂಕದವರು, ಇಷ್ಟೂ ಇದ್ದ ಮೇಲೆ ಅದು ಪರದೇಶವಲ್ಲದೆ ಇನ್ನೇನು? ನಾನು ಹೋದದ್ದು ನಿಜಾಮರ ಹೈದರಾಬಾದು ರಾಜ್ಯಕ್ಕೆ. ಯುದ್ಧ ಇನ್ನೂ ಶುರುವಾಗಿರದ ಕಾಲ. ಅಲ್ಲಿ ನಾನು ಹೋದ ಭಾಗದ ಜನ ಆಡುವುದು ಕನ್ನಡವನ್ನೇ. ಮಾತು ಒಂದೇ ಆದ ಮೇಲೆ ಉಳಿದದ್ದೂ ನಮ್ಮ ಹಾಗೆಯೇ ಇರುತ್ತದೆ ಎಂದುಕೊಂಡು ಹೊರಟೆ.

ಹೊರಟ ಕಾರಣ ಹೇಳಿಬಿಡಬೇಕು. ನಾನು ಶಾಲೆಯ ಹೆಡ್ಮಾಸ್ತರ, ಸಭೆಯ ಹಿರಿಯರಲ್ಲಿ ಒಬ್ಬ. ಎರಡು ವರ್ಷದ ಹಿಂದೆ ದೇವಾಲಯಕ್ಕೆ ಹೊಸ ಬೆಂಚುಗಳು ಬಂದಾಗ ಯಾರು ಎಲ್ಲಿ ಕೂರಬೇಕೆಂದು ಪಟ್ಟಿ ಬರೆದವನು ನಾನೇ. ಶಾಲೆಯವರು ಮುಂದೆ, ಹಂಚಿನ ಕಾರ್ಖಾನೆಯವರು ಹಿಂದೆ. ಕಾರ್ಖಾನೆಯ ಯಾಕೂಬ ಮೇಸ್ತ್ರಿಯ ತಾಯಿ ನಲವತ್ತು ವರ್ಷ ಕೂತ ಜಾಗ ಹೀಗೆ ಐದನೆಯ ಸಾಲಿಗೆ ಹೋಯಿತು. ಮೇಸ್ತ್ರಿ ಅಂದಿನಿಂದ ನನ್ನೊಡನೆ ಮಾತು ಬಿಟ್ಟ. ಅವನ ಹಿಂದೆ ಕಾರ್ಖಾನೆಯವರು, ನನ್ನ ಹಿಂದೆ ಶಾಲೆಯವರು, ಸಭೆ ನಡುವಿಗೇ ಸೀಳಿಕೊಂಡಿತು. ಇದ್ದ ಸಭಾಪಾಲಕರು ಎರಡೂ ಕಡೆಯ ದೂರು ಕೇಳಿ ಸಾಕಾಗಿ ಬೇರೆ ಊರಿಗೆ ಹೋಗಿಬಿಟ್ಟರು. ಅವರ ಜಾಗಕ್ಕೆ ನಾವು ಒಂದು ಹೆಸರು ಹೇಳಿದರೆ ಕಾರ್ಖಾನೆಯವರು ಇನ್ನೊಂದು ಹೇಳಿದರು. ಕೊನೆಗೆ ಮೇಸ್ತ್ರಿ ಗಡುವು ಹಾಕಿದ: ಎಲ್ಲರೂ ಒಪ್ಪುವ ಪಾಲಕ ಈಸ್ಟರಿನ ಒಳಗೆ ಬರದಿದ್ದರೆ ಕಾರ್ಖಾನೆಯವರು ತಮ್ಮ ಆರಾಧನೆಯನ್ನು ಬೇರೆಯೇ ಇಟ್ಟುಕೊಳ್ಳುತ್ತಾರೆ.

ಎರಡೂ ಕಡೆಯವರು ಒಪ್ಪಿದ್ದು ಒಂದೇ ಹೆಸರು, ಪ್ರಭುದಾಸಪ್ಪ ಎಂದು. ಚಿಂಚೋಳಿಯ ಹತ್ತಿರದ ಒಂದು ಹಳ್ಳಿಯ ಪಾದ್ರಿ. ಅವರ ಸಭೆಯಲ್ಲಿ ಜಗಳ ಒಂದು ತಿಂಗಳಿಗಿಂತ ಹೆಚ್ಚು ಬಾಳುವುದಿಲ್ಲವೆಂದು ಯಾರೋ ಕಾಗದ ಬರೆದಿದ್ದರು. ನಮ್ಮಲ್ಲಿ ಯಾರೂ ಅವರನ್ನು ನೋಡಿರಲಿಲ್ಲ. ಒಪ್ಪಿಗೆಯಾಗಲು ಅದೇ ಕಾರಣವಿರಬೇಕು. ನಾನು ಹೋಗಿ ನೋಡಿ, ಯೋಗ್ಯರೆನಿಸಿದರೆ ಕರೆಯ ಪತ್ರ ಕೊಟ್ಟು ಬರಬೇಕು. ನೋಡುವುದು ಹೇಗೆಂದು ಕಮಿಟಿಯವರು ಹದಿನಾಲ್ಕು ಪ್ರಶ್ನೆ ಬರೆದುಕೊಟ್ಟರು. ಗ್ರೀಕ್ ಬರುತ್ತದೆಯೇ, ಪ್ರಸಂಗ ಎಷ್ಟು ನಿಮಿಷ, ನಾಲ್ಕು ದನಿಯಲ್ಲಿ ಹಾಡಿಸಬಲ್ಲರೇ, ಹೀಗೆ. ನನ್ನ ಹೆಂಡತಿ ಹತ್ತು ದಿನಕ್ಕಾಗುವ ಬುತ್ತಿ ಕಟ್ಟಿಕೊಟ್ಟಳು. ರಾಯಚೂರು ದಾಟಿದ ಮೇಲೆ ಬಾವಿ ನೀರು ಬಾಯಿಗೆ ಬಿದ್ದರೆ ಕಾಲಿನಲ್ಲಿ ನಾರುಹುಣ್ಣು ಎಂದು ಎಲ್ಲರೂ ಹೆದರಿಸಿದ್ದರು. ಆದ್ದರಿಂದ ಅವಲಕ್ಕಿ, ಹಲಸಿನ ಹಪ್ಪಳ, ಒಣಮೀನು, ಕಾಯಿಸಿದ ನೀರಿನ ಎರಡು ದೊಡ್ಡ ಕೂಜೆ ಜೊತೆಗೆ ಬಂದವು.

ವಾಡಿ ದಾಟಿ ಶಹಾಬಾದು

ವಾಡಿಯಲ್ಲಿ ಇಳಿದು ನಿಜಾಮರ ರೈಲಿಗೆ ಬದಲಿಸಬೇಕಿತ್ತು. ಎದುರಿನ ಸೀಟಿನವರು, ವಾಡಿ ದೊಡ್ಡ ಜಂಕ್ಷನ್ನು, ಗದ್ದಲಕ್ಕೆ ತಾನಾಗಿ ಎಚ್ಚರವಾಗುತ್ತದೆ ಎಂದು ಭರವಸೆ ಕೊಟ್ಟರು. ನಾನು ನಂಬಿ ಮಲಗಿದೆ. ಎಚ್ಚರವಾದದ್ದು ನಿಜ, ಆದರೆ ಅದು ಶಹಾಬಾದಿನಲ್ಲಿ.

ಶಹಾಬಾದಿನಲ್ಲಿ ಎಲ್ಲವೂ ಕಲ್ಲು. ಪ್ಲಾಟ್‌ಫಾರಮ್ಮಿಗೆ ಕಲ್ಲು, ಗೋಡೆಗೆ ಕಲ್ಲು, ಬೇಲಿಗೂ ಕಲ್ಲನ್ನೇ ಹಲಗೆಯ ಹಾಗೆ ಸೀಳಿ ಸಾಲಾಗಿ ನಿಲ್ಲಿಸಿದ್ದರು. ತಲೆಯೆತ್ತಿ ನೋಡಿದರೆ ಸೂರಿಗೂ ಕಲ್ಲಿನ ಹಾಸು. ಕೆಂಪು ಹಂಚಿನ ಊರಿನಿಂದ ಬಂದ ನನಗೆ ಇದು ನಂಬಲಿಕ್ಕಾಗಲಿಲ್ಲ. ನಮ್ಮ ಕಡೆ ಸೂರೆಂದರೆ ವರ್ಷಕ್ಕೊಮ್ಮೆ ಹತ್ತಿ ಕೈಯಾಡಿಸಬೇಕಾದ ವಸ್ತು. ಇಲ್ಲಿ ಒಮ್ಮೆ ಹೊದಿಸಿದರೆ ಮೊಮ್ಮಕ್ಕಳ ಕಾಲದವರೆಗೆ ಚಿಂತೆಯಿಲ್ಲವಂತೆ. ಯಾಕೂಬ ಮೇಸ್ತ್ರಿ ಇದನ್ನು ನೋಡಬೇಕಿತ್ತು, ಹಂಚು ಸುಡುವ ಅವನ ಜಂಬ ಸ್ವಲ್ಪ ಇಳಿಯುತ್ತಿತ್ತು ಎಂದು ಮನಸ್ಸಿನಲ್ಲಿ ಬಂತು. ಜೊತೆಗೆ, ಹೇಳಿ ನಗಲು ಅವನೇ ಇಲ್ಲವಲ್ಲ ಎಂದೂ ಅನಿಸಿತು. ಚಿಕ್ಕಂದಿನಲ್ಲಿ ನಾವಿಬ್ಬರೂ ಒಂದೇ ದೋಣಿಯಲ್ಲಿ ಗಾಳ ಹಾಕಿದವರು.

ತಿರುಗಿ ಹೋಗುವ ರೈಲಿಗೆ ಮಧ್ಯಾಹ್ನದ ತನಕ ಕಾಯಬೇಕಾಯಿತು. ಬಿಸಿಲಿಗೆ ಕಾದ ಹಾಸುಗಲ್ಲಿನ ಮೇಲೆ ನನ್ನ ಹಲಸಿನ ಹಪ್ಪಳ ಎಣ್ಣೆಯಿಲ್ಲದೆ ಸುಟ್ಟುಕೊಳ್ಳಬಹುದೇನೋ ಎಂದು ಒಂದನ್ನು ಇಟ್ಟು ನೋಡಿದೆ. ಕಲ್ಲಿನ ಕೆಲಸದವರು ಸುತ್ತ ನಿಂತು ಬಹಳ ಗಂಭೀರವಾಗಿ ನೋಡಿದರು. ಹಪ್ಪಳ ಸುಡಲಿಲ್ಲ. ಅವರು ತಮ್ಮ ರೊಟ್ಟಿ ಬಿಚ್ಚಿ ನನಗೂ ಒಂದು ಚಾಚಿದರು. ನಾನು ಹೊಟ್ಟೆ ಸರಿಯಿಲ್ಲವೆಂದು ಕೈಮುಗಿದೆ.

ಮತ್ತೆ ವಾಡಿ

ವಾಡಿಯಲ್ಲಿ ನಿಜಾಮರ ಸುಂಕದವರ ಕೈಗೆ ಸಿಕ್ಕಿಬಿದ್ದೆ. ಬಿಳಿಗಡ್ಡದ ಒಬ್ಬ ಅಧಿಕಾರಿ, ಶೇರವಾನಿಯ ಗುಂಡಿ ಕುತ್ತಿಗೆಯವರೆಗೆ ಹಾಕಿದ್ದರು. ಪೆಟ್ಟಿಗೆ ತೆರೆಯಿರಿ ಎನ್ನುವುದನ್ನೂ ಮದುವೆಗೆ ಕರೆದಷ್ಟು ಮರ್ಯಾದೆಯಿಂದ ಹೇಳಿದರು. ತೆರೆದೆ. ಎರಡು ದಿನ ರೈಲಿನ ಬಿಸಿಲು ತಿಂದ ಒಣಮೀನು ತಾನಾಗಿಯೇ ತನ್ನ ಪರಿಚಯ ಹೇಳಿಕೊಂಡಿತು. ಹಿಂದೆ ಸಾಲಿನಲ್ಲಿದ್ದವರು ಎರಡು ಹೆಜ್ಜೆ ಸರಿದರು. ಅಧಿಕಾರಿಗಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ತಾವೇ ಮುಚ್ಚಳ ಹಾಕಿ, ಮೇಲೆ ತಮ್ಮ ಕರವಸ್ತ್ರ ಹಾಸಿ, ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಚಹಾ ತರಿಸಿದರು.

ಆ ಚಹಾವನ್ನೂ ನಾನು ಕುಡಿಯಲಿಲ್ಲ. ನೀರಿನ ಹೆದರಿಕೆ ನೋಡಿ. ಅವರು ಲೋಟದ ಕಡೆ ಒಮ್ಮೆ, ನನ್ನ ಕೂಜೆಗಳ ಕಡೆ ಒಮ್ಮೆ ನೋಡಿ, ಎಲ್ಲಿಗೆ ಹೋಗುವುದೆಂದು ಕೇಳಿದರು. ಹೇಳಿದೆ. ಆ ಪಾದ್ರಿಯ ಹೆಸರು ಅವರಿಗೂ ಗೊತ್ತಿತ್ತು. ಹಿಂದೆ ಚಿಂಚೋಳಿಯಲ್ಲಿ ಕೆಲಸ ಮಾಡಿದ್ದರಂತೆ. ಸದಾ ಯಾರದೋ ಮನೆಯಲ್ಲಿ ಊಟ ಮಾಡುತ್ತ ಕೂತಿರುವ ಮನುಷ್ಯನಲ್ಲವೇ ಎಂದು ನಕ್ಕರು. ನಾನು ರೈಲು ಹತ್ತಿ ನೋಟುಬುಕ್ಕಿನಲ್ಲಿ ಬರೆದುಕೊಂಡೆ: ತಿಂಡಿಪೋತನಿರಬಹುದು, ವಿಚಾರಿಸಬೇಕು.

ಚಿತ್ತಾಪುರದಿಂದ ಸೇಡಂ

ಚಿತ್ತಾಪುರದಲ್ಲಿ ಹತ್ತಿದ ವ್ಯಾಪಾರಿಯೊಬ್ಬರು ಕೊರಳಲ್ಲಿ ಲಿಂಗ ಕಟ್ಟಿದವರು. ಕೂತ ಕೂಡಲೇ ಬುತ್ತಿ ಬಿಚ್ಚಿ ರೈಲಿನ ಡಬ್ಬಿಯಲ್ಲಿದ್ದವರಿಗೆಲ್ಲ ಶೇಂಗಾ ಹಿಂಡಿ ಎಂಬ ಕಡಲೆಕಾಯಿ ಚಟ್ನಿ ಹಚ್ಚಿದ ರೊಟ್ಟಿ ಹಂಚಿದರು. ನಮ್ಮ ಕಡೆ ರೈಲಿನಲ್ಲಿ ಜನ ಗೋಡೆಯ ಕಡೆ ತಿರುಗಿ ಊಟ ಮಾಡುತ್ತಾರೆ. ಇಲ್ಲಿ ಒಬ್ಬರೇ ತಿಂದರೆ ಕಾಯಿಲೆಯೇನೋ ಎಂದು ಕೇಳುತ್ತಾರೆ. ನಾನು ಮತ್ತೆ ಹೊಟ್ಟೆಯ ನೆಪ ಹೇಳಿದೆ. ಅವರು ಮರುಗಿ, ಸೇಡಂವರೆಗೂ ಒಂದೊಂದೇ ಮನೆಮದ್ದು ಹೇಳುತ್ತ ಬಂದರು. ಹೊರಗೆ ಕಪ್ಪು ಮಣ್ಣಿನಲ್ಲಿ ಆಳೆತ್ತರದ ಜೋಳ, ತೊಗರಿ. ಕಣ್ಣು ಹಾಯುವವರೆಗೆ ಒಂದು ಗುಡ್ಡವೂ ಅಡ್ಡ ಬರಲಿಲ್ಲ. ಇಷ್ಟು ಆಕಾಶವನ್ನು ನಾನು ಸಮುದ್ರದ ಮೇಲೆ ಮಾತ್ರ ಕಂಡಿದ್ದೆ.

ಸೇಡಂನಲ್ಲಿ ನನ್ನ ಹೆಡ್ಮಾಸ್ತರಿಕೆ ನೆಲ ಕಚ್ಚಿತು. ಬಾಯಿ ತೆರೆದವರೆಲ್ಲ ಕನ್ನಡದವರು, ಬೋರ್ಡುಗಳೆಲ್ಲ ಉರ್ದು. ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದವನು ಅಂಚೆ ಕಚೇರಿ ಎಂದುಕೊಂಡು ಕಚೇರಿಯೊಂದಕ್ಕೆ ನುಗ್ಗಿ, ಅಲ್ಲಿ ನಡೆಯುತ್ತಿದ್ದ ಹೊಲದ ತಕರಾರಿನ ವಿಚಾರಣೆಯಲ್ಲಿ ಸಾಕ್ಷಿಗಳ ಸಾಲಿನಲ್ಲಿ ಕೂತೆ. ನನ್ನ ಸರದಿ ಬಂದಾಗ ಎಲ್ಲರೂ ನನ್ನನ್ನು ನೋಡಿದರು. ಅಲ್ಲಿಂದ ಬಿಡಿಸಿ ತಂದವರು ಗುರುರಾಜ ಮಾಸ್ತರರೆಂಬ ವೈಷ್ಣವರು. ಸರ್ಕಾರಿ ಶಾಲೆಯಲ್ಲಿ ಉರ್ದುವಿನಲ್ಲಿ ಲೆಕ್ಕ ಕಲಿಸಿ, ಮನೆಗೆ ಬಂದು ತಮ್ಮ ಮಕ್ಕಳಿಗೆ ಕನ್ನಡ ತಿದ್ದಿಸುತ್ತಿದ್ದರು. ತಮ್ಮ ಮನೆಯಲ್ಲಿ ನನಗೆ ಊಟವಿಡಲಾಗದು, ಮಡಿಯ ತಾಯಿಯಿದ್ದಾರೆ ಎಂದು ಮೊದಲೇ ಹೇಳಿ ಬಹಳ ಸಂಕೋಚಪಟ್ಟರು. ನನಗಾದದ್ದು ಬಿಡುಗಡೆಯೇ. ಪಾದ್ರಿಯ ವಿಷಯ ಕೇಳಿದೆ.

"ಪ್ರಭುದಾಸಪ್ಪ ಅಂದ್ರ ಊಟದ ಪಾದ್ರಿ ಅಲ್ಲೇನ್ರಿ?" ಎಂದರು. "ಮನುಷ್ಯ ಭಾಳ ಛಲೋ ಇದ್ದಾನ್ರಿ. ಖರೇ, ತನ್ನ ಮನ್ಯಾಗ ಉಂಡದ್ದು ನಾ ಕೇಳಿಲ್ಲ."

ಎರಡನೆಯ ಸಲ ಅದೇ ಮಾತು. ನೋಟುಬುಕ್ಕಿನಲ್ಲಿ ತಿಂಡಿಪೋತ ಎಂಬುದರ ಕೆಳಗೆ ಗೆರೆ ಎಳೆದೆ.

ಚಿಂಚೋಳಿಯ ದಾರಿ

ಸೇಡಂನಿಂದ ಎತ್ತಿನ ಗಾಡಿ. ಹಾದಿಯಲ್ಲಿ ಒಂದು ರಾತ್ರಿ ಕಳೆದು, ಚಿಂಚೋಳಿ ದಾಟಿ, ಕುರುಚಲು ಕಾಡು ಶುರುವಾಗುವಲ್ಲಿ ಶುಕ್ರವಾರ ಸಂಜೆ ಆ ಹಳ್ಳಿ ಮುಟ್ಟಿದೆ. ಅಷ್ಟರಲ್ಲಿ ನನ್ನ ಮೈಯಲ್ಲಿ ಎಷ್ಟು ಎಲುಬುಗಳಿವೆ ಎನ್ನುವುದು ಒಂದೊಂದಾಗಿ ಗೊತ್ತಾಗಿತ್ತು.

ಊರಾಚೆಗೆ ಹನ್ನೊಂದು ಮನೆ. ನಡುವೆ ಹಾಸುಗಲ್ಲಿನ ಸೂರಿನ ಒಂದು ಉದ್ದ ಕೋಣೆ, ಅದೇ ದೇವಾಲಯ, ಅದೇ ಶಾಲೆ. ಗಾಡಿ ನಿಲ್ಲುವ ಮುಂಚೆಯೇ ಒಬ್ಬ ಮುದುಕಿ ಒಂದು ಕೈಯಲ್ಲಿ ನೀರಿನ ಚೊಂಬು, ಇನ್ನೊಂದರಲ್ಲಿ ಬಿಸಿ ರೊಟ್ಟಿ ಹಿಡಿದು ಬಂದಳು. ಹೆಸರು ಮಾರ್ತವ್ವ. ಚರ್ಮ ಹದಮಾಡುವವರ ಮನೆಯವಳೆಂದು ಅಂಗಳದ ವಾಸನೆಯೇ ಹೇಳುತ್ತಿತ್ತು. ಬೇಡಮ್ಮ, ನನ್ನ ಬುತ್ತಿಯಿದೆ, ಎಂದೆ. ಅವಳು ಇನ್ನೊಮ್ಮೆ ಕೇಳಲಿಲ್ಲ. ಚೊಂಬು, ರೊಟ್ಟಿ ಹಿಡಿದುಕೊಂಡು ಹಾಗೆಯೇ ಒಳಗೆ ಹೋದಳು.

ನೀರಿನ ಹೆದರಿಕೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ರೊಟ್ಟಿಯಲ್ಲಿ ನಾರುಹುಣ್ಣು ಇರುವುದಿಲ್ಲ. ನನ್ನ ಅಜ್ಜ ಕ್ರೈಸ್ತರಾದಾಗ ಜಾತಿಯನ್ನು ಬಿಟ್ಟು ಬಂದರೆಂದು ನಾನು ಎಷ್ಟು ಭಾನುವಾರ ಹೆಮ್ಮೆಯಿಂದ ಹೇಳಿದ್ದೆನೋ. ಬಿಟ್ಟು ಬಂದದ್ದರಲ್ಲಿ ಒಂದಿಷ್ಟು ಮೊಮ್ಮಗನ ಮೂಗಿನಲ್ಲಿ ಉಳಿದುಬಿಟ್ಟಿತ್ತು. ಇದನ್ನು ಬರೆಯಲು ಇಂದಿಗೂ ನಾಚಿಕೆಯಾಗುತ್ತದೆ.

ಪ್ರಭುದಾಸಪ್ಪನವರು ಕತ್ತಲಾಗುವ ಮುಂಚೆ ಯಾರದೋ ಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು. ನೋಡಿ ಬೆಪ್ಪಾದೆ. ಮೈಯಲ್ಲಿ ಹಿಡಿ ಮಾಂಸವಿಲ್ಲ, ತೊಗರಿ ಕಡ್ಡಿಯ ಹಾಗಿದ್ದರು. ಶನಿವಾರವಿಡೀ ನನ್ನ ಹದಿನಾಲ್ಕು ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರ ಕೊಟ್ಟರು. ಗ್ರೀಕ್ ಬರುವುದಿಲ್ಲ. ತೆಲುಗು ಬರುತ್ತದೆ, ಉರ್ದುವಿನಲ್ಲಿ ಅರ್ಜಿ ಬರೆಯುತ್ತಾರೆ. ಪ್ರಸಂಗ ಎಷ್ಟು ಹೊತ್ತೆಂದರೆ ಮಕ್ಕಳು ಅಳುವ ತನಕ. ಹಾಡು ಒಂದೇ ದನಿಯಲ್ಲಿ, ಆದರೆ ಆ ದನಿ ಚಿಂಚೋಳಿಗೆ ಕೇಳುತ್ತದೆ. ನಾನು ಶಾಲೆಯ ಜಗಲಿಯಲ್ಲಿ ಕೂತು ನನ್ನ ಅವಲಕ್ಕಿ ನೆನೆಸಿ ತಿನ್ನುವಾಗ ಅವರು ಮುಖ ಬೇರೆ ಕಡೆ ಮಾಡಿ ಕೂತಿರುತ್ತಿದ್ದರು. ಹದಿನಾಲ್ಕರಲ್ಲಿ ಹನ್ನೊಂದಕ್ಕೆ ಸೊನ್ನೆ ಹಾಕಿದೆ. ಆದರೂ ಮನುಷ್ಯ ಹಿಡಿಸಿಬಿಟ್ಟಿದ್ದರು, ಯಾಕೆಂದು ಹೇಳಲಾಗುತ್ತಿರಲಿಲ್ಲ.

ಭಾನುವಾರದ ಬೆಳಗು

ಅಂದು ಕರ್ತನ ಭೋಜನ, ಯೇಸುವಿನ ಕಡೆಯ ಊಟದ ನೆನಪಿಗೆ ರೊಟ್ಟಿ ಮುರಿದು ಹಂಚುವ ಆರಾಧನೆ. ತಿಂಗಳಿಗೊಮ್ಮೆ ಮಾತ್ರ. ನಾನು ಮುಚ್ಚುಗೊರಳಿನ ಕೋಟು ಹಾಕಿ ಎಲ್ಲರಿಗಿಂತ ಮುಂದೆ ಹೋಗಿ ಕೂತೆ. ಅಲ್ಲಿ ಬೆಂಚುಗಳಿರಲಿಲ್ಲ, ಎಲ್ಲರೂ ನೆಲದ ಮೇಲೆ. ಪಾದ್ರಿ ಪ್ರಾರ್ಥಿಸಿ ರೊಟ್ಟಿ ಮುರಿದರು. ಜೋಳದ ರೊಟ್ಟಿಯೇ, ಹಿತ್ತಾಳೆಯ ತಾಟಿನಲ್ಲಿ. ನಮ್ಮಲ್ಲಿ ಬೇರೆ ಊರಿನ ಹಿರಿಯರು ಬಂದರೆ ತಾಟನ್ನು ಅವರ ಕೈಗೆ ಕೊಡುವುದು ಮರ್ಯಾದೆ. ಅತಿಥಿಯೂ ಕರೆಯುವ ತನಕ ಕಾಯಿಸದೆ ಎದ್ದು ನಿಲ್ಲಬೇಕು. ಅಭ್ಯಾಸಬಲದಿಂದ ಎದ್ದೆ, ತಾಟಿಗೆ ಕೈ ಹಾಕಿದೆ.

"ಜರಾ ತಡೀರಿ ಮಾಸ್ತರ್ರೇ," ಎಂದಿತು ಹೆಂಗಸರ ಕಡೆಯಿಂದ ಒಂದು ದನಿ. ಮಾರ್ತವ್ವ. "ತಾಟು ಕೆಳಗ ಇಡ್ರಿ. ನೀವು ಯಾರ ಮನ್ಯಾಗೂ ಉಂಡಿಲ್ಲ."

ಮೂವತ್ತು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ನಿಲ್ಲಿಸಿರಲಿಲ್ಲ. ಬೈಗುಳವಾಗಿದ್ದರೆ ಸಿಟ್ಟಾದರೂ ಬರುತ್ತಿತ್ತು. ಅವಳು ಒಲೆಯ ಮೇಲೆ ಹಾಲಿದೆ ನೋಡಿ ಎನ್ನುವ ಹಾಗೆ ಹೇಳಿದ್ದಳು, ಉಳಿದವರು ಹೌದೆಂದು ತಲೆಯಾಡಿಸಿದರು. ಪಾದ್ರಿ ಮೆಲ್ಲಗೆ ನನ್ನ ಕೈಯಿಂದ ತಾಟು ತೆಗೆದು ಬಟ್ಟೆ ಮುಚ್ಚಿಟ್ಟು, ಪಕ್ಕದಲ್ಲಿ ಕೂರಿಸಿಕೊಂಡು ಅಲ್ಲಿಯ ಪದ್ಧತಿಯನ್ನು ತಿಳಿಸಿದರು. ಒಂದು ಭೋಜನದಿಂದ ಇನ್ನೊಂದು ಭೋಜನದ ಒಳಗೆ ಹನ್ನೊಂದೂ ಮನೆಯ ಒಲೆಯ ಮುಂದೆ ಕೂತು ಉಂಡವನು ಮಾತ್ರ ರೊಟ್ಟಿ ಹಂಚಬಹುದು. ಪಾದ್ರಿಯಾಗಲಿ ಹಿರಿಯನಾಗಲಿ, ಒಂದು ಮನೆ ಬಿಟ್ಟಿದ್ದರೂ ಹಿಂದೆ ಹೋಗಿ ಕೂರಬೇಕು.

ಯಾಕೆ ಈ ನೇಮ ಎಂದು ಕೇಳಿದೆ. ಅವರು ತಲೆ ತಗ್ಗಿಸಿದರು.

"ಹಿಂದ ಒಂದು ಭಾನುವಾರ ನಾ ಪ್ರಸಂಗ ಭಾಳ ಛಲೋ ಮಾಡಿದ್ನಿರಿ. ಹಸಿದವರಿಗಿ ಅನ್ನ ಕೊಡೋದರ ಮ್ಯಾಲ. ಎಲ್ಲಾರೂ ಹೊಗಳಿದ್ರು. ಮಾರ್ತವ್ವ ಮುಂದ ಕುಂತು ಎಲ್ಲಾರಕಿಂತ ಜೋರ್ ಹಾಡಿದ್ಳು. ಅಕಿ ಮನ್ಯಾಗ ಮೂರು ದಿನ ಒಲಿ ಹತ್ತಿರಲಿಲ್ರಿ. ನನಗ ಮಾಲೂಮೇ ಇದ್ದಿಲ್ಲ."

ಅಂದಿನಿಂದ ಅವರು ಒಲೆ ನೋಡಲು ಹೊರಟರಂತೆ. ಒಲೆಯ ಮುಂದೆ ಕೂತರೆ ಯಾರ ಮಗು ಕೆಮ್ಮುತ್ತಿದೆ, ಯಾವ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ, ಎಲ್ಲವೂ ಕೇಳದೆಯೇ ತಿಳಿಯುತ್ತದೆ. ಹಿಟ್ಟಿಲ್ಲದ ಮನೆಗೆ ಹಿಟ್ಟು ಹೊತ್ತುಕೊಂಡೇ ಹೋಗಿ ಉಂಡು ಬರುತ್ತಾರೆ. ಸಿಟ್ಟಿದ್ದ ಮನೆಗೆ ಹೋಗುವುದೇ ಕಷ್ಟ, ಆದ್ದರಿಂದ ಅದಕ್ಕೇ ಮೊದಲು ಹೋಗುತ್ತಾರೆ. ಹೋದ ತಿಂಗಳು ಬೇಲಿಯ ವಿಷಯಕ್ಕೆ ಒಬ್ಬನ ಮೇಲೆ ಮುನಿಸಿಕೊಂಡು ಪಾದ್ರಿಯವರೇ ಅವನ ಮನೆ ಬಿಟ್ಟಿದ್ದರಂತೆ. ಸಭೆ ಅವರನ್ನು ತಾಟು ಮುಟ್ಟಲು ಬಿಡಲಿಲ್ಲ. ಇದನ್ನು ಮಾರ್ತವ್ವ ನಡುವೆ ಬಾಯಿ ಹಾಕಿ ಬಹಳ ಖುಷಿಯಿಂದ ಹೇಳಿದಳು. ಪಾದ್ರಿಯವರೂ ಹೌದ್ರಿ, ಹಿಂದ ಕುಂತಿದ್ನಿ ಎಂದು ಎಲ್ಲರ ಜೊತೆ ನಕ್ಕರು. ನಮ್ಮ ಸಭೆಯಲ್ಲಿ ಪಾಲಕರನ್ನು ಹಾಗೆ ಹಿಂದೆ ಕೂರಿಸಿದ್ದರೆ ಮೂರು ಕಮಿಟಿ ಕೂರುತ್ತಿತ್ತು.

ನಾನು ಸುಮ್ಮನೆ ಹಿಂದೆ ಹೋಗಿ ಕೂತಿದ್ದರೆ ಮುಗಿಯುತ್ತಿತ್ತು. ಆದರೆ ಆ ಹೊತ್ತಿಗೆ, ಏನಾಯಿತೋ, ನನಗೆ ಆ ತಾಟು ಬೇಕೇಬೇಕು ಅನಿಸಿಬಿಟ್ಟಿತು. ಇವತ್ತೇ ಹನ್ನೊಂದು ಮನೆ ಉಂಡರೆ ಆಗುತ್ತದೆಯೇ ಎಂದು ಕೇಳಿದೆ. ಸಭೆ ಹೋ ಎಂದು ನಕ್ಕಿತು. ಹೊತ್ತು ಮುಳುಗಲು ಇನ್ನೂ ಬಹಳ ಸಮಯವಿದೆ, ರೊಟ್ಟಿ ಕಾಯುತ್ತದೆ ಎಂದು ಎಲ್ಲರೂ ಎದ್ದರು.

ಹನ್ನೊಂದು ಮನೆ

ಹಲಗೆ ವಾದ್ಯ ಬಾರಿಸಿಕೊಂಡು, ಹಾಡಿಕೊಂಡು ಇಡೀ ಸಭೆ ನನ್ನ ಹಿಂದೆ ಬಂತು. ಹೆಂಗಸರು ತಂತಮ್ಮ ಒಲೆ ಹೊತ್ತಿಸಲು ಮುಂದೆ ಓಡಿದರು. ಮೊದಲನೆಯ ಮನೆಯಲ್ಲಿ ಪುಂಡಿ ಪಲ್ಯ, ಎರಡನೆಯದರಲ್ಲಿ ನುಚ್ಚು ಮಜ್ಜಿಗೆ, ಮೂರನೆಯದರಲ್ಲಿ ತೊಗರಿ ಬೇಳೆ. ಒಂದು ತುತ್ತು ಬಾಯಿಗಿಟ್ಟು ಏಳುವ ಹಾಗಿಲ್ಲ. ಆ ಮನೆಯವರು ತಮ್ಮ ಸುದ್ದಿ ಹೇಳಿ ಮುಗಿಸುವ ತನಕ ಕೂರಬೇಕು. ಹೀಗಾಗಿ ಒಬ್ಬಳ ತಮ್ಮ ಶಹಾಬಾದಿನ ಕಲ್ಲಿನ ಗಣಿಗೆ ಹೋದವನು ಕಾಗದ ಬರೆದಿಲ್ಲವೆಂದೂ, ಒಬ್ಬನ ಎತ್ತಿನ ಗೊರಸು ಸೀಳಿದೆಯೆಂದೂ, ಬೇಲಿಯ ಜಗಳದ ಮನುಷ್ಯನೇ ಪಾದ್ರಿಯ ಎಲ್ಲರಿಗಿಂತ ಒಳ್ಳೆಯ ಗೆಳೆಯನೆಂದೂ ತಿಳಿದುಕೊಂಡೆ. ನೀರನ್ನು ಬಟ್ಟೆಯಲ್ಲಿ ಸೋಸಿ ಕೊಟ್ಟರು. ಕುಡಿದೆ. ಊರಿಗೆ ಬಂದ ಮೇಲೆ ಒಂದು ವರ್ಷ ದಿನಾ ಬೆಳಿಗ್ಗೆ ಕಾಲು ನೋಡಿಕೊಂಡೆ, ಏನೂ ಆಗಲಿಲ್ಲ.

ಆರನೆಯ ಮನೆಯಲ್ಲಿ ಕೋಟಿನ ಗುಂಡಿ ಬಿಚ್ಚಿದೆ. ಎಂಟನೆಯದರಲ್ಲಿ ಕೋಟೇ ಬಿಚ್ಚಿದೆ. ಒಂಬತ್ತನೆಯ ಮನೆಯ ಯಜಮಾನ ನನ್ನ ಮುಖ ನೋಡಿ ಮರುಗಿ, ಅರ್ಧ ರೊಟ್ಟಿ ಸಾಕೆಂದಾಗ ಸುತ್ತ ನಿಂತವರು ತಕರಾರು ತೆಗೆದರು. ಅಷ್ಟು ನಗುವ ಜನವನ್ನು ನಾನು ಯಾವ ಮದುವೆಯಲ್ಲೂ ಕಂಡಿಲ್ಲ. ನಾನೂ ನಕ್ಕೆ, ಹೊಟ್ಟೆ ಹಿಡಿದುಕೊಂಡೇ ನಗಬೇಕಾಯಿತು.

ಹನ್ನೊಂದನೆಯದು ಮಾರ್ತವ್ವನ ಮನೆ. ಅಲ್ಲಿ ಮಾತ್ರ ಜನ ಹೊರಗೇ ನಿಂತರು. ಅವಳ ಒಲೆ ಉರಿಯುತ್ತಿತ್ತು, ಆದರೆ ಮೇಲೆ ರೊಟ್ಟಿಯ ಹೆಂಚು ಇಟ್ಟಿರಲಿಲ್ಲ. ಗೋಡೆಯ ಗೂಡಿನಿಂದ ಒಂದು ರೊಟ್ಟಿ ತೆಗೆದಳು. ಒಣಗಿ ಗರಿಗರಿಯಾಗಿ ಅಂಚು ಮೇಲೆದ್ದಿತ್ತು.

"ಇದು ಶುಕ್ರವಾರದ್ದರಿ," ಎಂದಳು. "ನಿಮ್ಮ ಸಲಿಯಾಗಿ ಬಡದದ್ದು. ಬ್ಯಾರೆದವರಿಗಿ ಹ್ಯಾಂಗ ಕೊಡ್ಲಿ?"

ಎರಡು ದಿನ ಅದು ಆ ಗೂಡಿನಲ್ಲಿ ನನ್ನ ಹೆಸರಿನಲ್ಲಿ ಕೂತಿತ್ತು. ಕೈಯಲ್ಲಿ ಹಿಡಿದು ಮುರಿದೆ. ಆ ಸಣ್ಣ ಕೋಣೆಯಲ್ಲಿ ಅದರ ಸದ್ದು ಜೋರಾಗಿ ಕೇಳಿಸಿತು. ಕಣ್ಣು ತುಂಬಿಕೊಂಡವು. ಹೊಗೆ ಎಂದೆ. ಅವಳು ಹೌದ್ರಿ, ಹಸಿ ಕಟ್ಟಿಗಿ ಅದ ಎಂದಳು, ಒಲೆಯಲ್ಲಿದ್ದದ್ದು ಒಣ ತೊಗರಿ ಕಡ್ಡಿಗಳಾಗಿದ್ದರೂ. ಪೂರ್ತಿ ತಿಂದೆ. ಹನ್ನೊಂದು ಮನೆಯಲ್ಲಿ ಹಸಿವಿನಿಂದ ತಿಂದದ್ದು ಅದೊಂದೇ.

ಸಂಜೆಯ ಬಿಸಿಲು ದೇವಾಲಯದ ಬಾಗಿಲಿನಿಂದ ಒಳಗೆ ಬಿದ್ದಾಗ ಪಾದ್ರಿ ತಾಟನ್ನು ನನ್ನ ಕೈಗೆ ಕೊಟ್ಟರು. ಪ್ರತಿಯೊಬ್ಬರ ಮುಂದೆ ಬಗ್ಗಿ ರೊಟ್ಟಿ ಕೊಡುವಾಗ ಅವರ ಮನೆಯ ಒಲೆ ಕಣ್ಣ ಮುಂದೆ ಬಂತು, ಸೀಳಿದ ಗೊರಸು, ಬಾರದ ಕಾಗದ. ನಮ್ಮ ದೇವಾಲಯದಲ್ಲಿ ಹದಿನೈದು ವರ್ಷ ಬೆಳ್ಳಿಯ ತಾಟು ಹಿಡಿದು ಓಡಾಡಿದ್ದೆ. ಅಲ್ಲಿ ನಾನು ನೋಡಿದ್ದು ಬರೀ ಚಾಚಿದ ಕೈಗಳನ್ನು. ಆ ಸಂಜೆಯಷ್ಟು ಸಂತೋಷ ನನಗೆ ಆರಾಧನೆಯಲ್ಲಿ ಹಿಂದೆ ಎಂದೂ ಆಗಿರಲಿಲ್ಲ.

ಸೋಮವಾರ

ಬೆಳಿಗ್ಗೆ ಕರೆಯ ಪತ್ರ ಕೊಟ್ಟೆ. ನೋಟುಬುಕ್ಕಿನ ಸೊನ್ನೆಗಳನ್ನೆಲ್ಲ ಅಳಿಸಿದ್ದೆ. ಪ್ರಭುದಾಸಪ್ಪನವರು ಎರಡು ಸಲ ಓದಿದರು. ನಮ್ಮ ಕಷ್ಟವನ್ನೆಲ್ಲ ಹೇಳಿದೆ, ಬೆಂಚಿನ ಪಟ್ಟಿ, ಮೇಸ್ತ್ರಿಯ ತಾಯಿ, ಈಸ್ಟರಿನ ಗಡುವು. ನೀವು ಬರದಿದ್ದರೆ ಸಭೆ ಒಡೆಯುತ್ತದೆ ಎಂದು ಬೇಡಿಕೊಂಡೆ. ಅವರು ಕೇಳಿದ್ದು ಒಂದೇ: ನಾನು ಮೇಸ್ತ್ರಿಯ ಮನೆಯಲ್ಲಿ ಕಡೆಗೆ ಉಂಡದ್ದು ಯಾವಾಗ?

ಎರಡು ವರ್ಷವಾಯಿತು ಎಂದೆ.

"ನಾ ಬಂದ್ರ ನಿಮ್ಮ ಬದಲಿ ನಾ ಹೋಗಿ ಉಣ್ಣಬೇಕಾಗ್ತದ್ರಿ," ಎಂದರು. "ಅದು ಅವರಿಗಿ ಹೊಟ್ಟಿ ತುಂಬಂಗಿಲ್ಲ. ಮೊದಲ ನೀವು ಹೋಗ್ರಿ ಮಾಸ್ತರ್ರೇ. ಆಮ್ಯಾಲ ನಿಮ್ಗ ಯಾವ ಪಾದ್ರಿ ಬಂದ್ರೂ ನಡೀತದ."

ಪತ್ರವನ್ನು ಮಡಚಿ ನನ್ನ ಕೈಗೇ ಕೊಟ್ಟರು. ನನಗೆ ಬೇಸರವಾಗಬೇಕಿತ್ತು. ಮೂರು ದಿನದ ರೈಲು, ಎತ್ತಿನ ಗಾಡಿ, ಹದಿನಾಲ್ಕು ಪ್ರಶ್ನೆ, ಎಲ್ಲ ನೀರಿನಲ್ಲಿ ಮಾಡಿದ ಹೋಮವಾಗಿತ್ತು. ಆದರೆ ಗಾಡಿ ಹತ್ತುವಾಗ ನಾನು ಹಾಡು ಗುನುಗುತ್ತಿದ್ದೆನಂತೆ, ಗಾಡಿಯವನು ಹೇಳಿದ. ನಮ್ಮ ಮಾತನ್ನು ಕೇಳಿಸಿಕೊಂಡಿದ್ದ ಮಾರ್ತವ್ವ ಒಂದು ಗಂಟು ತಂದು ಮಡಿಲಲ್ಲಿಟ್ಟಳು. ಕಡಕ್ ರೊಟ್ಟಿ, ಮನೆಗೆ ಎರಡರಂತೆ ಇಪ್ಪತ್ತೆರಡು. ಒಣಗಿಸಿದ್ದು ಎಷ್ಟು ದಿನವಾದರೂ ಕೆಡುವುದಿಲ್ಲ, ನಿಮ್ಮ ಮೇಸ್ತ್ರಿಯ ಅವ್ವನಿಗೆ ಕೊಡಿ ಎಂದಳು. ಒಣಮೀನನ್ನು ಅವಳಿಗೆ ಕೊಟ್ಟು ಬಂದೆ. ವಾಡಿಯಲ್ಲಿ ಅದೇ ಬಿಳಿಗಡ್ಡದ ಅಧಿಕಾರಿಗಳು ಪೆಟ್ಟಿಗೆ ತೆರೆಯುವ ಮುಂಚೆ ಉಸಿರು ಬಿಗಿಹಿಡಿದದ್ದು ಕಂಡಿತು. ಈ ಸಲ ನಾನೇ ಚಹಾ ಕೇಳಿ ಎರಡು ಲೋಟ ಕುಡಿದೆ, ಅವರ ಕರವಸ್ತ್ರವನ್ನು ಹಿಂತಿರುಗಿಸಿದೆ.

ಮಂಗಳೂರು

ಆ ಈಸ್ಟರಿಗೆ ನಮ್ಮಲ್ಲಿ ಎರಡು ಆರಾಧನೆ ನಡೆಯಲಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಬೆಂಚಿನ ಪಟ್ಟಿ ಹರಿದು ಹೋಯಿತು. ಪಾಲಕರು ಬರುವುದು ಇನ್ನೊಂದು ವರ್ಷ ತಡವಾಯಿತು, ಬಂದವರು ಸಾಧಾರಣದವರು, ನಮಗೆ ಚೆನ್ನಾಗಿಯೇ ನಡೆಯಿತು. ಆದರೆ ನಾನು ಹೇಳಬೇಕೆಂದಿರುವುದು ಊರು ಮುಟ್ಟಿದ ದಿನದ ಮಾತು.

ಸ್ಟೇಷನ್ನಿನಿಂದ ಕಮಿಟಿಯ ಮನೆಗೂ ಹೋಗಲಿಲ್ಲ, ನನ್ನ ಮನೆಗೂ ಹೋಗಲಿಲ್ಲ. ಗಂಟು ಹಿಡಿದು ನೇರವಾಗಿ ಯಾಕೂಬ ಮೇಸ್ತ್ರಿಯ ಬಾಗಿಲಿಗೆ ಹೋದೆ. ಮಧ್ಯಾಹ್ನದ ಊಟದ ಹೊತ್ತು. ಮೇಸ್ತ್ರಿ ಬಾಗಿಲು ತೆರೆದು ನನ್ನನ್ನು ನೋಡಿ, ಪಾಲಕರು ಬಂದರೇ ಎಂದು ನನ್ನ ಹಿಂದೆ ಇಣುಕಿದ. ಎರಡು ವರ್ಷದ ಮೇಲೆ ಅವನು ನನ್ನ ಮುಖ ನೋಡಿದ್ದು ಅದೇ ಮೊದಲು.

"ಅವರು ಬರುವುದಿಲ್ಲ," ಎಂದೆ. "ನಾನು ಊಟಕ್ಕೆ ಬಂದೆ."

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡೇ ನಿಂತ. ಬಿಡಲೂ ಇಲ್ಲ, ಮುಚ್ಚಲೂ ಇಲ್ಲ. ಒಳಗಿನಿಂದ ಅವನ ತಾಯಿಯ ದನಿ, ಯಾರದು ಎಂದು. ನಾನೇ ಒಳಗೆ ಹೋಗಿ ಒಲೆಯ ಪಕ್ಕದ ಮಣೆಯ ಮೇಲೆ ಕೂತಿದ್ದ ಅವರ ಮುಂದೆ ಗಂಟು ಬಿಚ್ಚಿ, ನಿಮ್ಮ ಜಾಗ ಕಿತ್ತುಕೊಂಡವನು ನಾನು, ತಪ್ಪಾಯಿತು ಎಂದೆ. ಅವರು ಒಂದು ರೊಟ್ಟಿಯನ್ನು ತೆಗೆದು ತಿರುಗಿಸಿ ನೋಡಿದರು, ಬೆರಳಿನಿಂದ ತಟ್ಟಿದರು. ಹಂಚಿನ ಹಾಗೆ ಸದ್ದಾಯಿತು. ಮೇಸ್ತ್ರಿ ಬಾಗಿಲಲ್ಲಿ ನಿಂತೇ ಅದನ್ನು ಕೇಳಿ, ತಡೆಯಲಾರದೆ, ಯಾವ ಹಂಚಿನ ಗೂಡಿನಲ್ಲಿ ಸುಟ್ಟದ್ದು ಎಂದು ಕೇಳಿದ.

"ನನಗೆ ಹಲ್ಲಿಲ್ಲ ಮಗಾ," ಎಂದರು ಅಜ್ಜಿ. "ಮೀನಿನ ಸಾರಿನಲ್ಲಿ ನೆನೆಹಾಕುತ್ತೇನೆ. ನೆನೆಯುವ ತನಕ ನೀನು ಕೂತಿರು."

ಕಡಕ್ ರೊಟ್ಟಿ ನೆನೆಯಲು ಬಹಳ ಹೊತ್ತು ಬೇಕು. ನಾನು ಕೂತೆ. ಸ್ವಲ್ಪ ಹೊತ್ತಿಗೆ ಯಾಕೂಬನೂ ಬಾಗಿಲು ಬಿಟ್ಟು ಬಂದು ಪಕ್ಕದಲ್ಲಿ ಕೂತ, ನಾನು ಶಹಾಬಾದಿನ ಕಲ್ಲಿನ ಸೂರಿನ ಸುದ್ದಿ ಹೇಳಲು ಶುರುಮಾಡಿದೆ.